ಜ್ಞಾನದ ಮಡಿ, ಅಂಗಳದ ಕಸ: ವಿಶ್ವವಿದ್ಯಾಲಯದ ಮೌಲ್ಯಗಳನ್ನು ಕುರಿತು ಒಂದು ದಲಿತ ಓದು

1

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮ ಮನಸ್ಸು ಕಾವ್ಯ, ಕಥೆ, ಆತ್ಮಕಥನಗಳ ಕಡೆಗೆ ಓಡುತ್ತದೆ. ಯಾವ ಕಾದಂಬರಿಯಲ್ಲಿ ಹೊಲೆಯನ ಪಾತ್ರ ಹೇಗೆ ಬಂದಿದೆ, ಯಾವ ಕವಿಗೆ ಕೇರಿಯ ಭಾಷೆ ಗೊತ್ತು, ಯಾರಿಗೆ ಗೊತ್ತಿಲ್ಲ, ಅನುಭವದ ಪ್ರಾಮಾಣಿಕತೆ ಎಂದರೇನು ಎಂದು ಐವತ್ತು ವರ್ಷಗಳಿಂದ ಕೇಳಿಕೊಂಡು ಬಂದಿದ್ದೇವೆ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಈ ಪ್ರಶ್ನೆಗಳನ್ನೆಲ್ಲ ಕೇಳಲು ಜಾಗ ಕೊಟ್ಟ, ಸಂಬಳ ಕೊಟ್ಟ, ವಿಚಾರ ಸಂಕಿರಣದ ಊಟ ಕೊಟ್ಟ ಸಂಸ್ಥೆಯೊಂದಿದೆಯಲ್ಲ, ವಿಶ್ವವಿದ್ಯಾಲಯ, ಅದು ತನ್ನ ಬಗ್ಗೆ ತಾನೇ ಬರೆದುಕೊಂಡಿರುವುದನ್ನು ವಿಮರ್ಶೆಯ ಕಣ್ಣಿನಿಂದ ಓದಿದ್ದು ಕಡಿಮೆ.

ವಿಶ್ವವಿದ್ಯಾಲಯ ಬರೆದುಕೊಳ್ಳುವುದು ಕಡಿಮೆಯೇನಲ್ಲ. ಲಾಂಛನದ ಮೇಲೆ ಧ್ಯೇಯವಾಕ್ಯ ಇರುತ್ತದೆ. ಕ್ಯಾಂಪಸ್ಸಿಗೆ ಒಂದು ಹೆಸರಿರುತ್ತದೆ. ಘಟಿಕೋತ್ಸವದ ಭಾಷಣ, ವಾರ್ಷಿಕ ವರದಿ, ನೀತಿಸಂಹಿತೆ, ನ್ಯಾಕ್ ಸಮಿತಿಗೆಂದು ಬರೆಯುವ ನೂರಾರು ಪುಟಗಳ ಸ್ವಯಂ ಅಧ್ಯಯನ ವರದಿ ಇರುತ್ತವೆ. ಇವುಗಳನ್ನು ನಾವು ಕಾಗದಪತ್ರ ಎಂದುಕೊಂಡು ಬದಿಗೆ ಸರಿಸುತ್ತೇವೆ. ಆದರೆ ಇವು ಪಠ್ಯಗಳು. ಯಾರು ಇದರ ನಾಯಕ, ಯಾರು ಪೋಷಕ ಪಾತ್ರ, ಯಾರು ಕತೆಯಲ್ಲೇ ಇಲ್ಲ ಎಂದು ಕೇಳಬಹುದಾದ ಪಠ್ಯಗಳು. ನವ್ಯ ವಿಮರ್ಶಕರು ಕೃತಿಯನ್ನು ಪದಪದವಾಗಿ ಬಿಡಿಸಿ ಓದುವುದನ್ನು ನಮಗೆ ಕಲಿಸಿದರು. ಅವರು ಆ ಹತಾರವನ್ನು ಪದ್ಯದ ಮೇಲೆ ಮಾತ್ರ ಇಟ್ಟರು. ಅದೇ ಹತಾರವನ್ನು ವಿಶ್ವವಿದ್ಯಾಲಯದ ಬರಹದ ಮೇಲೆ ಇಟ್ಟರೆ ಏನಾಗುತ್ತದೆ ನೋಡೋಣ.

ವಿಶ್ವವಿದ್ಯಾಲಯದ ಮೌಲ್ಯ, ಅದರ ಸಾಮಾಜಿಕ ಜವಾಬ್ದಾರಿ, ಅದರ ಪರಿಸರ ಕಾಳಜಿ ಎಂಬ ಮೂರು ಮಾತುಗಳು ಈಗ ಎಲ್ಲೆಡೆ ಒಟ್ಟಿಗೇ ಕೇಳಿಸುತ್ತವೆ. ಈ ಮೂರನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸಬಹುದು ಎಂಬುದು ನನ್ನ ವಾದ. ಆ ಪ್ರಶ್ನೆ ಸಣ್ಣದು. ವಿಶ್ವವಿದ್ಯಾಲಯವನ್ನು ಗುಡಿಸುವವರು ಯಾರು?

2

ನಮ್ಮ ನಾಡಿನ ಮೊದಲ ವಿಶ್ವವಿದ್ಯಾಲಯದಿಂದಲೇ ಶುರುಮಾಡೋಣ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರ ಜುಲೈನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಅದರ ಧ್ಯೇಯವಾಕ್ಯವನ್ನು ಆರಿಸಿಕೊಂಡದ್ದು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಿಂದ. ಜ್ಞಾನಕ್ಕೆ ಸಮನಾದದ್ದು ಬೇರೊಂದಿಲ್ಲ ಎಂಬುದು ಅದರ ತಾತ್ಪರ್ಯ. ಕೇಳಲು ಯಾರಿಗೂ ತಕರಾರಿಲ್ಲದ ಮಾತು. ಆದರೆ ಮೂಲ ಶ್ಲೋಕವನ್ನು ತೆಗೆದು ನೋಡಿ. ಧ್ಯೇಯವಾಕ್ಯ ನಿಂತುಕೊಳ್ಳುವ ಜಾಗದಲ್ಲಿ ಶ್ಲೋಕ ನಿಲ್ಲುವುದಿಲ್ಲ. ಮುಂದಿನ ಪದ ‘ಪವಿತ್ರ’. ಜ್ಞಾನದಷ್ಟು ಪವಿತ್ರಗೊಳಿಸುವಂಥದ್ದು ಇನ್ನೊಂದಿಲ್ಲ ಎಂಬುದು ಪೂರ್ತಿ ಅರ್ಥ. ಲಾಂಛನದಲ್ಲಿ ಆ ಪದ ಬಿದ್ದುಹೋಗಿದೆ. ಬೇಕೆಂದೇ ಬಿಟ್ಟರೋ, ಜಾಗ ಸಾಲದೆ ಬಿಟ್ಟರೋ, ಅದು ಇಲ್ಲಿ ಮುಖ್ಯವಲ್ಲ. ಬಿಟ್ಟ ಪದ ಕಲ್ಲಿನ ಮೇಲಿಂದ ಹೋದರೂ ಕಟ್ಟಡದ ಒಳಗೆ ಉಳಿದುಕೊಂಡಿತೇ ಎಂಬುದು ನಮ್ಮ ಪ್ರಶ್ನೆ.

ಈ ನಾಡಿನಲ್ಲಿ ಪವಿತ್ರ ಎಂಬ ಪದ ಒಂಟಿಯಾಗಿ ಓಡಾಡುವುದಿಲ್ಲ. ಅದು ಬಂದಲ್ಲಿ ಅಪವಿತ್ರವೂ ಬರುತ್ತದೆ. ಕನ್ನಡ ಇದಕ್ಕೆ ಎರಡು ಬೇರೆ ಮಾತುಗಳನ್ನು ಇಟ್ಟುಕೊಂಡಿದೆ. ಒಂದು ಮಡಿ, ಇನ್ನೊಂದು ಚೊಕ್ಕಟ. ಚೊಕ್ಕಟ ಎಂದರೆ ಕಸ ತೆಗೆದ ನೆಲ, ಉಜ್ಜಿದ ಪಾತ್ರೆ, ಒಗೆದ ಬಟ್ಟೆ. ಯಾರು ಮಾಡಿದರೂ ಚೊಕ್ಕಟ ಚೊಕ್ಕಟವೇ. ಮಡಿ ಹಾಗಲ್ಲ. ಅದು ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂಬುದರ ಲೆಕ್ಕ. ಮಡಿಯಲ್ಲಿರುವ ಮನೆಯ ಹಿತ್ತಿಲು ಗಲೀಜಾಗಿರಬಹುದು, ಮಡಿ ಕೆಡುವುದಿಲ್ಲ. ಹಿತ್ತಿಲನ್ನು ಚೊಕ್ಕಟ ಮಾಡಲು ಬಂದವಳು ಜಗಲಿ ಹತ್ತಿದರೆ ಕೆಡುತ್ತದೆ. ಅಂದರೆ ಒಬ್ಬರ ಮಡಿ ಉಳಿಯಬೇಕಾದರೆ ಇನ್ನೊಬ್ಬರು ಚೊಕ್ಕಟದ ಕೆಲಸ ಮಾಡಬೇಕು, ಮಾಡಿ ಕಣ್ಮರೆಯಾಗಬೇಕು.

1916ರಲ್ಲಿ ವಿಶ್ವವಿದ್ಯಾಲಯ ಹುಟ್ಟಿತು. ಎರಡೇ ವರ್ಷದಲ್ಲಿ, 1918ರಲ್ಲಿ, ಹಿಂದುಳಿದವರ ಪ್ರಾತಿನಿಧ್ಯದ ಪ್ರಶ್ನೆ ಎದ್ದು ಮಿಲ್ಲರ್ ಸಮಿತಿ ನೇಮಕವಾಯಿತು. ಮಾರನೆಯ ವರ್ಷ ಅದು ವರದಿ ಕೊಟ್ಟಿತು. ಜ್ಞಾನಕ್ಕೆ ಸಮನಾದದ್ದಿಲ್ಲ ಎಂದು ಹೇಳಿದ ರಾಜ್ಯದಲ್ಲೇ ಜ್ಞಾನದ ಹತ್ತಿರ ಬರಲು ಯಾರಿಗೆಲ್ಲ ಆಗಿಲ್ಲ ಎಂದು ಸಮಿತಿ ಕೂರಿಸಿ ಎಣಿಸಬೇಕಾಯಿತು. ಈ ಎರಡು ಘಟನೆಗಳನ್ನು ಚರಿತ್ರೆಯ ಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಒಂದು ವಿದ್ಯಾಭ್ಯಾಸದ ಪ್ರಗತಿ, ಇನ್ನೊಂದು ಬ್ರಾಹ್ಮಣೇತರ ಚಳವಳಿ. ದಲಿತ ಓದು ಇವೆರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಬೇಕು.

ಮುಂದೆ ಆ ವಿಶ್ವವಿದ್ಯಾಲಯಕ್ಕೆ ಶೂದ್ರ ಕವಿಯೊಬ್ಬರು ಕುಲಪತಿಯಾದರು. 1944ರಲ್ಲೇ ‘ಶೂದ್ರ ತಪಸ್ವಿ’ ಬರೆದು ಶಂಬೂಕನ ತಲೆ ಉಳಿಸಿದ ಕುವೆಂಪು. ಹೊಸ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಗಂಗೆಯನ್ನು ಹಿಮಾಲಯದಿಂದ ಇಳಿಸಿ ಮನಸ್ಸಿನೊಳಗೆ ಹುಟ್ಟಿಸಿದ್ದು ಸಣ್ಣ ಕ್ರಾಂತಿಯಲ್ಲ. ತೀರ್ಥಕ್ಕೆ ಪುರೋಹಿತ ಬೇಕು, ಮನಸ್ಸಿನ ಒರತೆಗೆ ಬೇಕಿಲ್ಲ. ಆದರೂ ಹೆಸರಿನ ಒಳಗೆ ಗಂಗೆಯೇ ಹರಿಯುತ್ತಿದ್ದಾಳೆ, ಪಾವನದ ಕಲ್ಪನೆಯೇ ಹರಿಯುತ್ತಿದೆ ಎಂಬುದನ್ನೂ ಗಮನಿಸಬೇಕು. ಕುವೆಂಪು ಅವರ ದೊಡ್ಡತನ ಇರುವುದು ಮಡಿಯ ಭಾಷೆಯನ್ನು ಒಳಗಿನಿಂದ ಒಡೆಯಲು ನೋಡಿದ್ದರಲ್ಲಿ. ಆ ಒಡಕಿನ ಮೂಲಕ ನಮ್ಮ ಮಕ್ಕಳು ಒಳಗೆ ಬಂದರು. ಆದರೆ ಭಾಷೆ ಪೂರ್ತಿ ಒಡೆಯಲಿಲ್ಲ.

ಮಾನಸಗಂಗೋತ್ರಿಯ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆಯಿದೆ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಹೊಲಗದ್ದೆಗಳಿಗೆ ನೀರುಣಿಸಲು ಕಟ್ಟಿದ ಕೆರೆ. ಹಳ್ಳಿಯ ಹೆಸರು ಕೆರೆಗೆ ಉಳಿಯಿತು, ಕೆರೆ ವಿಶ್ವವಿದ್ಯಾಲಯದ ಪಾಲಿಗೆ ಬಂತು. ಸುತ್ತಲಿನ ಬಡಾವಣೆಗಳ ಕೊಳಚೆ ನೀರು ವರ್ಷಗಟ್ಟಲೆ ಅದಕ್ಕೆ ಸೇರಿತು. ಊರಿನ ಪರಿಸರಾಸಕ್ತರು ಕೂಗೆಬ್ಬಿಸಿದರು, ಯೋಜನೆಗಳು ಬಂದವು, ಹಕ್ಕಿಗಳ ಪಟ್ಟಿ ತಯಾರಾಯಿತು, ನಡೆಯುವವರಿಗೆ ದಾರಿಯಾಯಿತು. ಒಳ್ಳೆಯದೇ. ಆದರೆ ಕೆರೆಯ ಚರಿತ್ರೆಯಲ್ಲಿ ಹಕ್ಕಿಗಳಿಗೆ ಹೆಸರಿದೆ, ಕವಿಗಳಿಗೆ ಹೆಸರಿದೆ, ದಡದ ಕಸ ಹೆಕ್ಕಿದವರಿಗೆ ಇಲ್ಲ. ಇದು ಮೈಸೂರೊಂದರ ಮಾತಲ್ಲ. ನಾವು ಪರಿಸರದ ಬಗ್ಗೆ ಬರೆಯುವ ಕ್ರಮವೇ ಹಾಗಿದೆ.

3

ಈಗ ಸ್ವಯಂ ಅಧ್ಯಯನ ವರದಿಗೆ ಬರೋಣ. ನ್ಯಾಕ್ ಎಂಬ ಸಂಸ್ಥೆಯನ್ನು ಯುಜಿಸಿ 1994ರಲ್ಲಿ ಕಟ್ಟಿತು. ಅದರ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. 2017ರಲ್ಲಿ ಅದು ತನ್ನ ಅಳತೆಗೋಲನ್ನು ಪರಿಷ್ಕರಿಸಿತು. ವಿಶ್ವವಿದ್ಯಾಲಯಕ್ಕೆ ಒಟ್ಟು 1000 ಅಂಕ, ಏಳು ಮಾನದಂಡಗಳು. ಏಳನೆಯದು ‘ಸಾಂಸ್ಥಿಕ ಮೌಲ್ಯಗಳು ಮತ್ತು ಉತ್ತಮ ಆಚರಣೆಗಳು’. ಅದಕ್ಕೆ 100 ಅಂಕ. ಮೌಲ್ಯಕ್ಕೂ ಮೌಲ್ಯಮಾಪನ ಬಂತು. 2024ರಲ್ಲಿ ಗ್ರೇಡುಗಳನ್ನು ಬಿಟ್ಟು ಮಾನ್ಯತೆ ಇದೆ, ಇಲ್ಲ ಎಂಬ ಎರಡೇ ಉತ್ತರಕ್ಕೆ ಹೋಗುವುದಾಗಿ ನ್ಯಾಕ್ ಹೇಳಿತು. ಅಳತೆಗೋಲು ಬದಲಾದರೂ ಈ ವರದಿಗಳು ಕಲಿಸಿದ ಭಾಷೆ ಬದಲಾಗುವ ಲಕ್ಷಣ ಕಾಣುವುದಿಲ್ಲ.

ಏಳನೆಯ ಮಾನದಂಡ ಏನು ಕೇಳುತ್ತಿತ್ತು? ಘನತ್ಯಾಜ್ಯ, ದ್ರವತ್ಯಾಜ್ಯ, ವೈದ್ಯಕೀಯ ತ್ಯಾಜ್ಯ, ಇ-ತ್ಯಾಜ್ಯ, ಅಪಾಯಕಾರಿ ರಾಸಾಯನಿಕಗಳು, ಇವುಗಳ ನಿರ್ವಹಣೆಗೆ ಏನು ಏರ್ಪಾಡಿದೆ? ಮಳೆನೀರು ಕೊಯ್ಲು ಇದೆಯೆ? ಪ್ಲಾಸ್ಟಿಕ್ಕು ನಿಷೇಧವಾಗಿದೆಯೆ? ಸೈಕಲ್ಲು, ಬ್ಯಾಟರಿ ವಾಹನ ಓಡುತ್ತವೆಯೆ? ಹಸಿರು ಲೆಕ್ಕಪರಿಶೋಧನೆ ಆಗಿದೆಯೆ? ನೀತಿಸಂಹಿತೆ ಇದೆಯೆ, ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ, ಆಡಳಿತಗಾರರಿಗೆ ಮತ್ತು ಇತರ ಸಿಬ್ಬಂದಿಗೆ? ಎಲ್ಲವೂ ಬೇಕಾದ ಪ್ರಶ್ನೆಗಳೇ. ಕೊನೆಯ ಪ್ರಶ್ನೆಯ ‘ಇತರ’ ಎಂಬ ಪದವನ್ನು ಮಾತ್ರ ಗುರುತು ಹಾಕಿಟ್ಟುಕೊಳ್ಳಿ.

ಇಂಥ ಹಲವು ವರದಿಗಳನ್ನು ಓದಿದ್ದೇನೆ. ವಿಶ್ವವಿದ್ಯಾಲಯಗಳ ಹೆಸರು ಹೇಳುವುದು ಬೇಡ, ಒಂದಕ್ಕಿಂತ ಒಂದು ಬೇರೆಯಾಗಿಲ್ಲ. ಅವುಗಳ ವ್ಯಾಕರಣದಲ್ಲಿ ಒಂದು ಸೋಜಿಗವಿದೆ. ಪರಿಸರ ದಿನದಂದು ಕುಲಪತಿಗಳು ಸಸಿ ನೆಟ್ಟರು, ಕುಲಸಚಿವರು ಪ್ರತಿಜ್ಞೆ ಬೋಧಿಸಿದರು, ಎನ್ನೆಸ್ಸೆಸ್ ವಿದ್ಯಾರ್ಥಿಗಳು ಜಾಥಾ ಹೊರಟರು. ಇಲ್ಲೆಲ್ಲ ಕ್ರಿಯೆಗೆ ಕರ್ತೃವಿದ್ದಾನೆ, ಕರ್ತೃವಿಗೆ ಪದವಿಯಿದೆ, ಪದವಿಗೆ ಫೋಟೋ ಇದೆ. ಅದೇ ಪುಟದಲ್ಲಿ ಕಸಕ್ಕೆ ಬಂದ ಕೂಡಲೇ ವಾಕ್ಯದ ರೂಪ ಬದಲಾಗುತ್ತದೆ. ಕಸವನ್ನು ವಿಂಗಡಿಸಲಾಗುತ್ತದೆ. ಚರಂಡಿಗಳನ್ನು ಸ್ವಚ್ಛಗೊಳಿಸಲಾಗುತ್ತದೆ. ಎರೆಗೊಬ್ಬರ ತಯಾರಿಸಲಾಗುತ್ತದೆ. ಪ್ರಯೋಗಾಲಯದ ಒಡೆದ ಗಾಜು, ಹಾಸ್ಟೆಲಿನ ಪ್ಯಾಡು, ಕ್ಯಾಂಟೀನಿನ ಎಂಜಲು ಎಲ್ಲವನ್ನೂ ‘ವೈಜ್ಞಾನಿಕವಾಗಿ ವಿಲೇವಾರಿ ಮಾಡಲಾಗುತ್ತದೆ’. ಯಾರು ಮಾಡುತ್ತಾರೆ? ಯಾರೂ ಇಲ್ಲ. ಕಸ ತಾನೇ ಎದ್ದು ಹೋಗಿ ಗೊಬ್ಬರವಾದಂತೆ ಓದಿಸಿಕೊಳ್ಳುತ್ತದೆ. ಅದಿರಲಿ, ಕುಲಪತಿಗಳು ನೆಟ್ಟ ಸಸಿಗೆ ಮಾರನೆಯ ದಿನದಿಂದ ನೀರನ್ನೂ ‘ಹಾಕಲಾಗುತ್ತದೆ’.

ಇದು ಬರೀ ಶೈಲಿಯ ದೋಷವಲ್ಲ. ಕನ್ನಡದ ಜಾಯಮಾನ ಗೊತ್ತಿದ್ದವರಿಗೆ ಇದರ ಅಸಹಜತೆ ತಟ್ಟನೆ ಹೊಳೆಯುತ್ತದೆ. ನಮ್ಮ ಭಾಷೆಯಲ್ಲಿ ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದ ಅವನನ್ನು, ಅವಳನ್ನು ಬಿಟ್ಟುಕೊಡುವುದಿಲ್ಲ. ‘ಗುಡಿಸಿದೆ’ ಎಂದರೆ ನಾನು. ‘ಗುಡಿಸಿದಳು’ ಎಂದರೆ ಅವಳು. ‘ಗುಡಿಸಿದರು’ ಎಂದರೆ ಅವರು. ಮಾತಿನ ಬಾಲದಲ್ಲೇ ಮನುಷ್ಯರು ಕೂತಿರುತ್ತಾರೆ. ‘ಗುಡಿಸಲಾಯಿತು’ ಎಂದ ಕೂಡಲೇ ಆ ಬಾಲ ಕತ್ತರಿಸಿ ಬೀಳುತ್ತದೆ. ನಮ್ಮ ಅವ್ವಂದಿರು ಯಾರೂ ‘ಅಂಗಳ ಗುಡಿಸಲಾಯಿತು’ ಎಂದು ಜನ್ಮದಲ್ಲಿ ಅಂದಿಲ್ಲ. ಹಟ್ಟಿಯ ಮುಂದೆ ಕಸ ಬಿದ್ದಿದ್ದರೆ ‘ಯಾರ್ ಗುಡುಸ್ಲಿಲ್ಲ ಇವತ್ತು?’ ಎಂದೇ ಕೇಳುತ್ತಾರೆ. ಕರ್ಮಣಿ ಪ್ರಯೋಗ ಕಚೇರಿಯ ಕಡತದಿಂದ, ಇಂಗ್ಲಿಷಿನ ಅನುವಾದದಿಂದ ಹಬ್ಬಿದ ರೂಪ. ಜವಾಬ್ದಾರಿಯನ್ನು ಯಾರ ತಲೆಗೂ ಕಟ್ಟದೆ ಬರೆಯಲು ಅಧಿಕಾರಕ್ಕೆ ಅದು ಬೇಕಾಗಿತ್ತು. ವಿಶ್ವವಿದ್ಯಾಲಯ ಅದನ್ನು ಇನ್ನೊಂದು ಕೆಲಸಕ್ಕೂ ಬಳಸಿಕೊಂಡಿದೆ. ಮಡಿಯ ಹಳೆಯ ನಿಯಮವನ್ನು, ಅಂದರೆ ಚೊಕ್ಕಟ ಮಾಡಿದವರು ಕಣ್ಮರೆಯಾಗಬೇಕು ಎಂಬುದನ್ನು, ಈಗ ವ್ಯಾಕರಣ ನಡೆಸಿಕೊಡುತ್ತಿದೆ. ಹಿಂದೆ ಹಿತ್ತಿಲ ಬಾಗಿಲಿತ್ತು, ಇಂದು ಕರ್ಮಣಿ ಪ್ರಯೋಗವಿದೆ.

4

ಭಾಷೆಯಲ್ಲಿ ಇಲ್ಲವಾದವರು ಲೆಕ್ಕದಲ್ಲಿ ಇದ್ದಾರೆಯೇ? ವರದಿಯಲ್ಲಿ ಬೋಧಕರು, ಬೋಧಕೇತರರು ಎಂಬ ಎರಡು ಪಟ್ಟಿಗಳಿರುತ್ತವೆ. ‘ಬೋಧಕೇತರ’ ಎಂಬ ಪದವೇ ‘ಇತರ’ವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ನಾನು ನೋಡಿದ ಪಟ್ಟಿಗಳಲ್ಲಿ ಹೊರಗುತ್ತಿಗೆಯ ಕಸಗುಡಿಸುವವರು ಈ ಇತರರ ಪಟ್ಟಿಯಲ್ಲೂ ಇಲ್ಲ. ಅವರು ಇತರರಿಗೂ ಇತರರು. ಅವರ ಸಂಬಳ ಸಿಬ್ಬಂದಿ ವೆಚ್ಚದ ಬಾಬ್ತಿನಲ್ಲಿ ಬರುವುದಿಲ್ಲ, ನಿರ್ವಹಣಾ ವೆಚ್ಚದಲ್ಲಿ ಬರುತ್ತದೆ. ಫಿನಾಯಿಲು, ಬಲ್ಬು, ಸುಣ್ಣಬಣ್ಣದ ಜೊತೆಗೆ.

ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲು ಒರೆಸುತ್ತಿದ್ದ ಹೆಂಗಸೊಬ್ಬರನ್ನು ಕೇಳಿದ್ದೆ.

‘ಎಷ್ಟು ವರ್ಷ ಆಯ್ತವ್ವ ನೀವು ಈ ಯೂನಿವರ್ಸಿಟೀಲಿ?’

‘ಹನ್ನೊಂದ್ ವರ್ಸಾಯ್ತು ಸಾ. ಆದ್ರ ನಾವು ಯೂನಿವರ್ಸಿಟಿಯೋರಲ್ಲ, ಏಜೆನ್ಸಿಯೋರು. ಏಜೆನ್ಸಿ ಮೂರ್ ಸಲ ಬದ್ಲಾಯ್ತು. ಪೊರ್ಕ ಮಾತ್ರ ಅದೇಯ.’

ಎರಡು ವರ್ಷ ಎಂ.ಎ. ಓದಿಕೊಂಡು ಹೋದವನು ಸಾಯುವ ತನಕ ಆ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. ಹನ್ನೊಂದು ವರ್ಷ ಮೆಟ್ಟಿಲು ಒರೆಸಿದವಳು ಏಜೆನ್ಸಿಯವಳು. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ, ಯಾರು ಯಾರವರು ಎಂಬ ತಿಳುವಳಿಕೆಯಿತ್ತು. ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ ಇಷ್ಟು ಕಡಿಮೆ ಪದಗಳಲ್ಲಿ ಇದನ್ನು ಹೇಳಿದ್ದು ನನಗೆ ಕಾಣಲಿಲ್ಲ.

ಕಾನೂನು ಏನು ಹೇಳುತ್ತದೆ? 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಒಂದು ಮುಖ್ಯ ಮಾತು ತಂದಿತ್ತು, ಮೂಲ ಮಾಲೀಕ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು. ಏಜೆನ್ಸಿಯ ಹಿಂದೆ ಅಡಗಿದವರನ್ನು ಎಳೆದು ತರಲು ಅಷ್ಟಾದರೂ ಹಿಡಿ ಇತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂತು, ಹಳೆಯ ಕಾಯಿದೆ ಅದರೊಳಗೆ ಸೇರಿಹೋಯಿತು. ಹೊಸ ಸಂಹಿತೆ ಸಂಸ್ಥೆಯ ‘ಮೂಲ ಚಟುವಟಿಕೆ’ಗಳಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸುವುದನ್ನು ನಿಷೇಧಿಸುತ್ತದೆ, ಕೆಲವು ವಿನಾಯಿತಿಗಳೊಂದಿಗೆ. ಆದರೆ ಯಾವುದು ಮೂಲ ಚಟುವಟಿಕೆಯಲ್ಲ ಎಂಬ ಪಟ್ಟಿಯನ್ನೂ ಅದೇ ಕೊಡುತ್ತದೆ. ಆ ಪಟ್ಟಿಯ ತುದಿಯಲ್ಲೇ ನೈರ್ಮಲ್ಯದ ಕೆಲಸವಿದೆ. ಗುಡಿಸುವುದು, ಒರೆಸುವುದು, ಧೂಳು ಹೊಡೆಯುವುದು, ಕಸ ಎತ್ತುವುದು. ಕಾವಲು, ಕ್ಯಾಂಟೀನು ಕೂಡ ಅದರಲ್ಲಿವೆ. ಆ ಕೆಲಸಕ್ಕೆಂದೇ ಹುಟ್ಟಿದ ಸಂಸ್ಥೆಯಲ್ಲದಿದ್ದರೆ ಇವು ಯಾವುವೂ ಮೂಲದವಲ್ಲ. ಹಾಗೆಂದರೆ ಕಾನೂನಿನ ಭಾಷೆಯಲ್ಲೇ ವಿಶ್ವವಿದ್ಯಾಲಯ ಪಾಠಕ್ಕೆ ಇದೆ, ಚೊಕ್ಕಟಕ್ಕೆ ಇಲ್ಲ. ಧ್ಯೇಯವಾಕ್ಯ ಬಿಟ್ಟ ಪದವನ್ನು ಸಂಹಿತೆ ಇನ್ನೊಂದು ದಾರಿಯಿಂದ ಪೂರ್ತಿಮಾಡಿದೆ.

ಬೀದಿ ಗುಡಿಸುವವರ ಕತೆ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ನಮ್ಮ ರಾಜ್ಯದ ನಗರಗಳ ಪೌರಕಾರ್ಮಿಕರು ಸಂಘ ಕಟ್ಟಿದರು, ಬೀದಿಗಿಳಿದರು. ಗುತ್ತಿಗೆದಾರನನ್ನು ಬಿಟ್ಟು ಸ್ಥಳೀಯ ಸಂಸ್ಥೆಯೇ ನೇರವಾಗಿ ಸಂಬಳ ಕೊಡಬೇಕೆಂಬುದಕ್ಕೆ 2017ರಲ್ಲಿ ಸರ್ಕಾರವನ್ನು ಒಪ್ಪಿಸಿದರು. 2022ರಲ್ಲಿ ಕಾಯಂ ಮಾಡಿ ಎಂದು ಮತ್ತೆ ಮುಷ್ಕರ ಹೂಡಿದರು. ಮಾನವ ಹಕ್ಕುಗಳ ಡಿಪ್ಲೊಮಾ ಕೊಡುವ ಕ್ಯಾಂಪಸ್ಸಿನೊಳಗಿನ ಪೊರಕೆಗೆ ಇಷ್ಟೂ ದಕ್ಕಿಲ್ಲ. ನಗರಸಭೆಯನ್ನು ನಾವು ಭ್ರಷ್ಟಾಚಾರದ ಗೂಡು ಎನ್ನುತ್ತೇವೆ, ವಿಶ್ವವಿದ್ಯಾಲಯವನ್ನು ಸರಸ್ವತಿಯ ಗುಡಿ ಎನ್ನುತ್ತೇವೆ. ಗುಡಿಗಿಂತ ಗೂಡು ವಾಸಿ ಎನ್ನಿಸಿದರೆ ತಪ್ಪೇನು?

ಗುಂಡಿಯ ಮಾತಂತೂ ಇನ್ನೂ ಕಠಿಣ. ಮಲ ಹೊರಿಸುವುದನ್ನು ನಿಷೇಧಿಸುವ ಮೊದಲ ಕಾಯಿದೆ 1993ರದು, ಎರಡನೆಯದು 2013ರದು. ಮ್ಯಾನ್‌ಹೋಲಿನಲ್ಲಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿದ್ದು ಸಾವು ನಿಲ್ಲಲಿಲ್ಲ ಎಂಬುದಕ್ಕೆ ಸಾಕ್ಷಿ. ಪ್ರತಿ ಹಾಸ್ಟೆಲಿಗೂ ಒಂದು ಗುಂಡಿ ಇದ್ದೇ ಇರುತ್ತದೆ. ಅದು ತುಂಬಿದಾಗ ಯಾರನ್ನು ಕರೆಯುತ್ತಾರೆ, ಯಂತ್ರ ಬರುತ್ತದೋ ಮನುಷ್ಯ ಇಳಿಯುತ್ತಾನೋ ಎಂಬ ಒಂದು ಕಾಲಂ ಆ ನೂರು ಅಂಕದ ಮಾನದಂಡದಲ್ಲಿ ಇರಲಿಲ್ಲ.

5

ಇಲ್ಲಿ ಒಂದು ಮಾತು ಏಳುತ್ತದೆ. ಸಾಹಿತ್ಯ ವಿಮರ್ಶೆಯ ಸಂಚಿಕೆಯಲ್ಲಿ ಚರಂಡಿಯ ಪ್ರಸ್ತಾಪ ಯಾಕೆ? ಉತ್ತರ ನಮ್ಮ ಪರಂಪರೆಯಲ್ಲೇ ಇದೆ. ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ಕಾಲೇಜು, ಹಾಸ್ಟೆಲುಗಳಲ್ಲಿ ಹೊಡೆದಾಟವಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಸಚಿವರು ರಾಜೀನಾಮೆ ಕೊಡಬೇಕಾಯಿತು. ದಲಿತ ಸಂಘರ್ಷ ಸಮಿತಿ ಮೈದಾಳಿದ್ದು ಆ ಬೇಗೆಯಲ್ಲಿ. ನಮ್ಮ ಸಾಹಿತ್ಯ ಚರಿತ್ರೆಕಾರರು ಎರಡನೆಯ ಘಟನೆಯನ್ನು ಮಾತ್ರ ಬರೆದುಕೊಂಡರು. ಬೂಸಾ ಸರಿಯೋ ತಪ್ಪೋ ಎಂದು ದಿಸ್ತಾಗಟ್ಟಲೆ ಚರ್ಚಿಸಿದರು. ಮಲದ ಬುಟ್ಟಿಯನ್ನು ಇಳಿಸಿದ ಕೈಯೇ ಪುಸ್ತಕದ ಕಪಾಟನ್ನೂ ಅಲ್ಲಾಡಿಸಿತು ಎಂಬ ಸಂಬಂಧವನ್ನು ಬಿಟ್ಟುಬಿಟ್ಟರು. ಬಸವಲಿಂಗಪ್ಪನವರಿಗೆ ಅವು ಎರಡು ಕೆಲಸಗಳಾಗಿರಲಿಲ್ಲ. ಒಂದು ಸಮಾಜ ಯಾರ ತಲೆಯ ಮೇಲೆ ಏನು ಹೊರಿಸಿದೆ ಎಂಬ ಒಂದೇ ಪ್ರಶ್ನೆ ಅವರದು.

ಇನ್ನೂ ಹಿಂದೆ ಹೋದರೆ ಮಹಾಡ್ ಇದೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಚವದಾರ ಕೆರೆಯ ನೀರು ಮುಟ್ಟಿದರು. ಸವರ್ಣರು ಆಮೇಲೆ ಆ ಕೆರೆಗೆ ಸಗಣಿ, ಗಂಜಲ ಬೆರೆಸಿದ ಪಂಚಗವ್ಯ ಸುರಿದು ಶುದ್ಧಿಮಾಡಿಕೊಂಡರು. ಮಡಿಗೂ ಚೊಕ್ಕಟಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಬೇಕೆ? ಕುಡಿಯುವ ನೀರಿನ ಹಕ್ಕಿಗಾಗಿ ಹತ್ತು ವರ್ಷ ಕೋರ್ಟಿನಲ್ಲಿ ನಡೆದು 1937ರಲ್ಲಿ ಬೊಂಬಾಯಿ ಹೈಕೋರ್ಟಿನ ತೀರ್ಪು ಪಡೆದ ಜನ ನಾವು. ಪರಿಸರ ಚಳವಳಿಯ ಪಾಠ ಹೇಳುವವರು ಇದನ್ನು ಪರಿಸರ ಚಳವಳಿ ಎಂದು ಹೇಳಿದ್ದು ಅಪರೂಪ. ಅವರಿಗೆ ಪರಿಸರ ಎಂದರೆ ಕಾಡು, ಹಕ್ಕಿ, ಓಝೋನು. ನಮಗೆ ಪರಿಸರ ಎಂದರೆ ಊರಿನ ಚರಂಡಿ ಯಾವ ದಿಕ್ಕಿಗೆ ಹರಿಯುತ್ತದೆ, ಸತ್ತ ದನವನ್ನು ಯಾರು ಎಳೆಯಬೇಕು, ಬಾವಿಗೆ ಯಾರ ಕೊಡ ಇಳಿಯುತ್ತದೆ ಎಂಬುದು. ದಲಿತರು ದನ ಎಳೆಯುವ ಬಿಟ್ಟಿ ಚಾಕರಿ ನಿಲ್ಲಿಸಿದ ಊರುಗಳಲ್ಲಿ ನಾಲ್ಕೇ ದಿನಕ್ಕೆ ಪರಿಸರದ ಅರ್ಥ ಎಲ್ಲರ ಮೂಗಿಗೂ ಗೊತ್ತಾಯಿತು.

ಪೊರಕೆಯನ್ನು ವಿಶ್ವವಿದ್ಯಾಲಯಗಳು ಕೈಯಲ್ಲಿ ಹಿಡಿಯಲೇ ಇಲ್ಲ ಎನ್ನಲಾಗದು. 2014ರ ಅಕ್ಟೋಬರ್ 2ರಿಂದೀಚೆಗೆ ವರ್ಷಕ್ಕೊಮ್ಮೆಯಾದರೂ ಹಿಡಿಯುತ್ತಿವೆ. ಹೊಸ ಪೊರಕೆ, ಬಿಳಿ ಕೈಗವಸು, ಮೊದಲೇ ಗುಡಿಸಿಟ್ಟ ರಸ್ತೆ, ಫೋಟೋ. ಗಾಂಧೀಜಿಯವರು ಪೊರಕೆ ಹಿಡಿದದ್ದು ಫೋಟೋಕ್ಕಲ್ಲ, ನಿಜ. ಅವರಿಗೆ ಅದು ಆತ್ಮಶುದ್ಧಿಯ ದಾರಿ, ಆ ಕೆಲಸಕ್ಕೆ ಸೇವೆಯ ಘನತೆ ಕೊಟ್ಟರು. ಅಂಬೇಡ್ಕರ್ 1945ರಲ್ಲಿ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕದಲ್ಲಿ, ಈ ಘನತೆಯನ್ನು ಖಂಡಿಸಿದರು. ಹೊಗಳಿಕೆಯೂ ಒಂದು ಸರಪಳಿಯಾಗುತ್ತದೆ ಎಂಬುದನ್ನು ಅವರು ಕಂಡಿದ್ದರು. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಈ ಇಬ್ಬರ ಜಗಳವನ್ನು ಆತ್ಮಶುದ್ಧಿ ಮತ್ತು ಆತ್ಮಗೌರವಗಳ ನಡುವಿನ ಜಗಳವಾಗಿ ಓದಿದರು, ಇಬ್ಬರಿಗೂ ಇಬ್ಬರೂ ಬೇಕು ಎಂಬ ಕಡೆಗೆ ವಾಲಿದರು. ಇಂದಿನ ವಿಶ್ವವಿದ್ಯಾಲಯದ ಪೊರಕೆಯಲ್ಲಿ ಗಾಂಧಿಯವರ ಆತ್ಮಶುದ್ಧಿಯೂ ಇಲ್ಲ, ಅಂಬೇಡ್ಕರ್ ಕೇಳಿದ ಆತ್ಮಗೌರವವೂ ಇಲ್ಲ. ‘ಉತ್ತಮ ಆಚರಣೆ’ಯ ಅಂಕವಿದೆ.

6

ಸಾಮಾಜಿಕ ಜವಾಬ್ದಾರಿಯ ಮಾತಿಗೆ ಬರೋಣ. ವಿಶ್ವವಿದ್ಯಾಲಯದ ನಿಘಂಟಿನಲ್ಲಿ ಸಮಾಜ ಎಂದರೆ ಗೇಟಿನ ಆಚೆಗಿರುವುದು. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನದಲ್ಲಿ ಸಂಸ್ಥೆಗಳು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳುತ್ತವೆ. ‘ದತ್ತು’ ಎಂಬ ಪದ ಸ್ವಾರಸ್ಯದ್ದು. ನಮ್ಮ ದೇಶದಲ್ಲಿ ದತ್ತು ತೆಗೆದುಕೊಳ್ಳುವವರು ಜಾತಿ, ಗೋತ್ರ ನೋಡಿಯೇ ತೆಗೆದುಕೊಳ್ಳುತ್ತಾರೆ. ಇಪ್ಪತ್ತು ಮೈಲಿ ದೂರದ ಹಳ್ಳಿಗೆ ಹೋಗಿ ಆರೋಗ್ಯ ಶಿಬಿರ ಮಾಡಿ ಬರುವ ವಿಶ್ವವಿದ್ಯಾಲಯ ತನ್ನದೇ ಶೌಚಾಲಯ ತೊಳೆಯುವವಳ ಬೆನ್ನುನೋವನ್ನು ವಿಚಾರಿಸಿರುವುದಿಲ್ಲ. ಆಕೆಯ ಹಳ್ಳಿ ದತ್ತು, ಆಕೆ ಏಜೆನ್ಸಿ.

ಯುಜಿಸಿ 2019ರಲ್ಲಿ ‘ಮೂಲ್ಯ ಪ್ರವಾಹ’ ಎಂಬ ಮೌಲ್ಯಗಳ ಕೈಪಿಡಿ ತಂದಿತು. ಅದೇ ವರ್ಷ ಪರಿಸರಸ್ನೇಹಿ ಕ್ಯಾಂಪಸ್ಸಿಗೆಂದು ‘ಸತತ್’ ಎಂಬ ಚೌಕಟ್ಟನ್ನೂ ತಂದಿತು. ಮೌಲ್ಯಕ್ಕೊಂದು ಪುಸ್ತಕ, ಪರಿಸರಕ್ಕೊಂದು ಪುಸ್ತಕ. ಇವೆರಡೂ ಸೇರುವ ಜಾಗ ಒಂದೇ, ಅದು ಕಸದ ಗಾಡಿ. 2023ರ ಪರಿಷ್ಕೃತ ಕೈಪಿಡಿಯ ಮೌಲ್ಯಗಳಲ್ಲಿ ಟ್ರಸ್ಟೀಶಿಪ್ಪು, ಸಾಮರಸ್ಯ, ಸುಸ್ಥಿರತೆಗಳು ಇವೆ. ಸಾಮರಸ್ಯ ಎಂಬ ಪದ ಕಂಡರೆ ನಮ್ಮವರು ಬೆಚ್ಚುತ್ತಾರೆ. ಊರಿನಲ್ಲಿ ಜಗಳ ಎದ್ದಾಗಲೆಲ್ಲ ಏಟು ತಿಂದವನಿಗೇ ಸಾಮರಸ್ಯದ ಬೋಧನೆ ಮಾಡುವುದು ರೂಢಿ. ನ್ಯಾಯ ಎಂಬ ಪದಕ್ಕೆ ಬೆನ್ನು ಗಟ್ಟಿ, ಸಾಮರಸ್ಯಕ್ಕೆ ಬೆನ್ನು ಬಾಗಿಸುವ ಅಭ್ಯಾಸ.

ಒಳಗೆ ಬಂದ ನಮ್ಮ ಮಕ್ಕಳ ಗತಿ ಏನಾಯಿತು ಎಂಬುದು ಬಹಿರಂಗ. ದೆಹಲಿಯ ಏಮ್ಸಿನಲ್ಲಿ ಜಾತಿ ತಾರತಮ್ಯ ನಡೆದಿದೆ ಎಂದು ಥೋರಟ್ ಸಮಿತಿ 2007ರಲ್ಲಿ ಹೇಳಿತು. 2012ರಲ್ಲಿ ಯುಜಿಸಿ ಸಮಾನತೆಯ ನಿಯಮಾವಳಿ ಹೊರಡಿಸಿ ಸಮಾನ ಅವಕಾಶ ಕೋಶ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕೆಂದಿತು. 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಸತ್ತರು. ಅವರನ್ನೂ ಗೆಳೆಯರನ್ನೂ ಹಾಸ್ಟೆಲಿನಿಂದ ಹೊರಹಾಕಿದಾಗ ಐವರೂ ಕ್ಯಾಂಪಸ್ಸಿನ ಬಯಲಲ್ಲಿ ಡೇರೆ ಹಾಕಿ ಅದಕ್ಕೆ ವೆಲಿವಾಡ ಎಂದು ಹೆಸರಿಟ್ಟಿದ್ದರು. ತೆಲುಗಿನಲ್ಲಿ ಹೊಲಗೇರಿ. ವಿಶ್ವವಿದ್ಯಾಲಯದ ಬಗ್ಗೆ ಬಂದ ಅತ್ಯಂತ ಮಿತಪದದ ವಿಮರ್ಶೆ ಅದು. ಊರು ಇರುವಲ್ಲಿ ಕೇರಿ ಇರುತ್ತದೆ, ಇಲ್ಲಿಯೂ ಇದೆ, ಅಡಗಿಸಿಟ್ಟಿದ್ದೀರಿ, ನಾವು ತೋರಿಸುತ್ತೇವೆ ಎಂದು ಅದು ಹೇಳಿತು. ಪಿಎಚ್.ಡಿ. ವಿದ್ಯಾರ್ಥಿಯ ವೆಲಿವಾಡವನ್ನು ನಾವು ಕಂಡೆವು, ಮರುಗಿದೆವು, ಬೀದಿಗಿಳಿದೆವು. ಅದೇ ಬಯಲಿನಲ್ಲಿ ಬೆಳಗಿನ ಆರಕ್ಕೆ ಬಂದು ಸಂಜೆ ಹೋಗುವ, ಡೇರೆಯೂ ಇಲ್ಲದ ಇನ್ನೊಂದು ವೆಲಿವಾಡವಿದೆ. ದಲಿತ ವಿಮರ್ಶೆ ಅದನ್ನೂ ಕಾಣಬೇಕಾದ ಕಾಲ ಇದು.

7

ಗೆಳೆಯರು ಎರಡು ಆಕ್ಷೇಪ ಎತ್ತುತ್ತಾರೆ. ಮೊದಲನೆಯದು, ದಲಿತರು ಪೊರಕೆಯಿಂದ ಪೆನ್ನಿಗೆ ಬಂದಿದ್ದಾರೆ, ಮತ್ತೆ ಅವರನ್ನು ಪೊರಕೆಯ ಜೊತೆ ಕಟ್ಟಿಹಾಕುತ್ತೀರಾ ಎಂಬುದು. ಆಕ್ಷೇಪದ ಹಿಂದಿನ ನೋವು ನಿಜವಾದದ್ದು. ಆದರೆ ಕಟ್ಟಿಹಾಕಿರುವುದು ಈ ಬರಹವಲ್ಲ. ಗುಡಿಸುವ ಸಾಲಿನಲ್ಲಿ ನಿಂತವರು ಯಾವ ಕೇರಿಯಿಂದ ಬಂದಿದ್ದಾರೆ ಎಂದು ಕೇಳಿ ನೋಡಿ. 1936ರ ಜಾತಿವಿನಾಶದ ಪ್ರಬಂಧದಲ್ಲಿ ಅಂಬೇಡ್ಕರ್ ಶ್ರಮವಿಭಜನೆಯ ಸಮರ್ಥನೆಯನ್ನು ಯಾಕೆ ತಳ್ಳಿಹಾಕಿದರು ಎಂಬುದು ಆಗ ಗೊತ್ತಾಗುತ್ತದೆ. ಹೆಸರು ಹೇಳದಿದ್ದರೆ ಕಟ್ಟು ಬಿಚ್ಚುವುದಿಲ್ಲ. ಎರಡನೆಯದು, ಮರ ಎಲ್ಲರಿಗೂ ನೆರಳು ಕೊಡುತ್ತದೆ, ಅದರಲ್ಲೂ ಜಾತಿ ಹುಡುಕುತ್ತೀರಾ ಎಂಬುದು. ಮರಕ್ಕೆ ಜಾತಿಯಿಲ್ಲ. ಮರದ ಕೆಳಗೆ ಮಧ್ಯಾಹ್ನ ಬುತ್ತಿ ಬಿಚ್ಚಲು ಯಾರಿಗೆ ಕೊಠಡಿಯಿದೆ, ಯಾರಿಗೆ ಮರದ ಬುಡವೇ ಗತಿ ಎಂಬುದಕ್ಕೆ ಇದೆ. ಹಸಿರು ಹೊಸ ಮಡಿಯಾಗಬಾರದು ಎನ್ನುವುದಷ್ಟೇ ನಮ್ಮ ತಕರಾರು.

ಹಾಗಾದರೆ ಏನು ಕೇಳಬೇಕು? ದೊಡ್ಡ ತತ್ವವೇನೂ ಬೇಡ. ಕ್ಯಾಂಪಸ್ಸಿನಲ್ಲಿ ಎಷ್ಟು ಜನ ಗುಡಿಸುತ್ತಾರೆ, ಎಷ್ಟು ಕೂಲಿ, ಯಾವ ತಾರೀಖಿಗೆ ಕೈಸೇರುತ್ತದೆ, ಪಿಎಫ್, ಇಎಸ್ಐ ಕಟ್ಟುತ್ತಾರೋ ಇಲ್ಲವೋ, ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನು ಮರಗಳ ಲೆಕ್ಕದ ಪಕ್ಕದಲ್ಲೇ ಬರೆಯಲಿ. ಗುಂಡಿಗೆ ಮನುಷ್ಯರನ್ನು ಇಳಿಸುವುದಿಲ್ಲ ಎಂದು ನೀತಿಸಂಹಿತೆಯ ಮೊದಲ ಸಾಲಿನಲ್ಲಿ ಬರೆಯಲಿ. ಹಸಿರು ಲೆಕ್ಕಪರಿಶೋಧನೆಯ ಸಮಿತಿಯಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರರ ಪಕ್ಕ ಗುಡಿಸುವವರ ಪ್ರತಿನಿಧಿಯೂ ಕುರ್ಚಿಯ ಮೇಲೆ ಕೂರಲಿ. ಯಾವ ಕಟ್ಟಡ ಎಷ್ಟು ಕಸ ಹುಟ್ಟಿಸುತ್ತದೆ ಎಂಬುದು ಆಕೆಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಏಜೆನ್ಸಿ ಬದಲಾದರೂ ಅವರ ಸೇವೆಯ ವರ್ಷಗಳು ಅಳಿಯದಿರಲಿ. ಇವನ್ನೆಲ್ಲ ಮಾಡಲು ಹೊಸ ಕಾಯಿದೆ ಬೇಕಿಲ್ಲ, ಸಿಂಡಿಕೇಟಿನ ಒಂದು ನಿರ್ಣಯ ಸಾಕು.

ಕನ್ನಡ ವಿಭಾಗಗಳಿಗೂ ಒಂದು ಕೆಲಸವಿದೆ. ಮುಂದಿನ ವರದಿ ಬರೆಯುವಾಗ ಅದರ ಕನ್ನಡವನ್ನು ತಿದ್ದಿಕೊಡುವವರು ನಮ್ಮವರೇ ಆಗಿರುತ್ತಾರೆ. ಅಕ್ಷರದೋಷ ತಿದ್ದಿದಂತೆ ಕರ್ತೃದೋಷವನ್ನೂ ತಿದ್ದಲಿ. ‘ಕಸವನ್ನು ವಿಂಗಡಿಸಲಾಗುತ್ತದೆ’ ಎಂದಿರುವ ಕಡೆಯೆಲ್ಲ ‘ಯಾರು?’ ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸಲಿ. ‘ಮೂವತ್ತೆರಡು ಹೆಂಗಸರು, ಒಂಬತ್ತು ಗಂಡಸರು ವಿಂಗಡಿಸುತ್ತಾರೆ’ ಎಂದು ಬರೆಯುವ ತನಕ ಬಿಡದಿರಲಿ. ಅಷ್ಟು ಬರೆದ ಮೇಲೆ ಮುಂದಿನ ವಾಕ್ಯವನ್ನು ಬರೆಯದೆ ವಿಧಿಯಿರುವುದಿಲ್ಲ. ಅವರಿಗೆ ಏನು ಕೊಡುತ್ತೀರಿ, ಅವರು ಯಾರವರು ಎಂದು ಆ ವಾಕ್ಯ ಹೇಳಲೇಬೇಕಾಗುತ್ತದೆ.